ಕಾನೂನು ಸಂಶೋಧನೆಯನ್ನು ಅಳೆಯುವ ಕೋಲು

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು ನಮ್ಮ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯಿದೆಯಿಂದ ಹುಟ್ಟಿದ ವಿಶ್ವವಿದ್ಯಾನಿಲಯ. ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿಗೆ ಕಾನೂನು ವಿಭಾಗ ಸೇರಿದ 2018ರಿಂದ 2024ರವರೆಗೂ ಅದಕ್ಕೇ ಮೊದಲ ಸ್ಥಾನ. ಸಂತೋಷ. ಆದರೆ ಅಲ್ಲಿಯ ಎಲ್.ಎಲ್.ಎಂ. ತರಗತಿಯ ಸಂಶೋಧನೆಗೂ ನಮ್ಮ ಗಿರಣಿಯ ಗೇಟಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ.

ಗ್ರಾಚುಯಿಟಿ ಹಣವನ್ನು ಅದು ಸಲ್ಲತಕ್ಕ ದಿನದಿಂದ 30 ದಿನಗಳೊಳಗೆ ಕೊಡತಕ್ಕದ್ದೆಂದು 1972ರ ಕಾಯಿದೆ ಮಾಲೀಕರಿಗೆ ವಿಧಿಸಿತು. ಅಂಗಡಿಕಾರರ ಕೈಗೆ ಬಂದ ಚೆಕ್ಕು ಹಣವಿಲ್ಲದೆ ವಾಪಸಾದರೆ, ಆ ಮೊಕದ್ದಮೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು 2002ರ ತಿದ್ದುಪಡಿ ಹೇಳಿತು. ಕಾಗದದ ಮೇಲಿನ ಈ 30 ದಿನ, ಈ ಆರು ತಿಂಗಳು ಜಿಲ್ಲೆಯ ಕಚೇರಿಯಲ್ಲಿ, ಕೋರ್ಟಿನಲ್ಲಿ ಎಷ್ಟಾಗಿ ಬೆಳೆಯುತ್ತವೆ? ದಫ್ತರ ಬಿಚ್ಚಿ, ವಾಯಿದೆಗಳನ್ನು ಒಂದೊಂದಾಗಿ ಎಣಿಸಿ, ಕಡತ ಯಾರ ಮೇಜಿನ ಮೇಲೆ ಮಲಗಿತೆಂದು ಬರೆಯುವುದೂ ಕಾನೂನು ಸಂಶೋಧನೆಯೇ.

ಗ್ರಂಥಾಲಯದ ಕೆಲಸವನ್ನು ನಾವು ಹಳಿಯುತ್ತಿಲ್ಲ. ಬೆಂಗಳೂರು ನೀರು ಸರಬರಾಜು ಮಂಡಳಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1978ರಲ್ಲಿ 'ಕೈಗಾರಿಕೆ' ಎಂಬ ಒಂದೇ ಮಾತಿನ ಅರ್ಥವನ್ನು ಹಿಗ್ಗಿಸಿದ್ದರಿಂದ ಆಸ್ಪತ್ರೆಯ ನೌಕರನಿಗೂ ಕಾರ್ಮಿಕ ಕಾಯಿದೆಯ ಬಾಗಿಲು ತೆರೆಯಿತು. ಮಾತಿನ ಅರ್ಥವೂ ಅನ್ನದ ಪ್ರಶ್ನೆಯೇ.

ಎಲ್.ಎಲ್.ಎಂ. ಅನ್ನು ಎರಡರ ಬದಲು ಒಂದೇ ವರ್ಷದಲ್ಲಿ ಮುಗಿಸಲು ಯು.ಜಿ.ಸಿ. 2012ರ ಮಾರ್ಗಸೂಚಿಯಲ್ಲಿ ದಾರಿ ಮಾಡಿತು. ಸಂಶೋಧನಾ ವಿಧಾನವನ್ನು ಕಡ್ಡಾಯ ಪಾಠ ಮಾಡಿದ್ದು ಸರಿ. ಆದರೆ ಅದರಲ್ಲಿ ಪ್ರೌಢ ಪ್ರಬಂಧದ ಪಾಲು ಒಟ್ಟು ತೂಕದ ಕಾಲುಭಾಗವನ್ನೂ ಮುಟ್ಟದು. ಪಾಠ, ಪರೀಕ್ಷೆಗಳ ನಡುವೆ ತಾಲ್ಲೂಕು ಕೋರ್ಟಿನ ಬೆಂಚಿನ ಮೇಲೆ ಕೂರಲು ವಿದ್ಯಾರ್ಥಿಗೆ ಪುರಸೊತ್ತೆಲ್ಲಿ?

ಶ್ರೇಯಾಂಕದ ಕೋಲೂ ಬೇರೆ. ಪ್ರಕಟವಾದ ಲೇಖನವೆಷ್ಟು, ಅವನ್ನು ಇತರರು ಉಲ್ಲೇಖಿಸಿದ್ದೆಷ್ಟು, ಸಂಸ್ಥೆಯ ಹೆಸರೆಷ್ಟು ಎಂಬುದಕ್ಕೆ ಅಲ್ಲಿ ಅಂಕವುಂಟು. ಕೆಲಸಗಾರ ತಾನೇ ಓದಿ ತಿಳಿದುಕೊಂಡ ಕನ್ನಡ ಪುಸ್ತಿಕೆಗೆ ಅಂಕಣವಿಲ್ಲ. ಉತ್ತರಪತ್ರಿಕೆ ತಿದ್ದಿದ ಹಳೆಯ ಅಭ್ಯಾಸದಿಂದ ಹೇಳುತ್ತೇವೆ: ಅಕ್ಷರ ದುಂಡಗಿದ್ದ ಮಾತ್ರಕ್ಕೆ ಲೆಕ್ಕ ಸರಿಯಾಗುವುದಿಲ್ಲ.

ಪ್ರಬಂಧಕ್ಕೆ ಇನ್ನೂ ಆರು ತಿಂಗಳು ಕೊಡಲಿ. ವರ್ಷಕ್ಕೆ ಒಂದು ಜಿಲ್ಲೆಯನ್ನಾದರೂ ಹಿಡಿದು ಅಲ್ಲಿಯ ಗ್ರಾಚುಯಿಟಿ ಅರ್ಜಿಗಳ, ಚೆಕ್ಕಿನ ಮೊಕದ್ದಮೆಗಳ ಲೆಕ್ಕ ತೆಗೆಸಲಿ. ಅದರ ಸಾರವನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಆ ಜಿಲ್ಲೆಯ ಗ್ರಂಥಾಲಯಕ್ಕೂ ಕಾರ್ಮಿಕ ಕಚೇರಿಗೂ ಕಳಿಸಲಿ. ಮೊದಲ ಜಿಲ್ಲೆಯಾಗಿ ನಮ್ಮದನ್ನೇ ಆರಿಸಿಕೊಂಡರೆ, ಬಂದ ವಿದ್ಯಾರ್ಥಿಗಳಿಗೆ ಅರ್ಜಿದಾರರನ್ನು ತೋರಿಸಿಕೊಡುವ ಹೊಣೆ ನಮ್ಮದು.