ಅರವತ್ತರ ಫ್ರೆಶರ್‌ಗಳು

‘ಫ್ರೆಶರ್’ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಇಪ್ಪತ್ತೆರಡರ ಹುಡುಗ, ಹುಡುಗಿ. ಕೈಯಲ್ಲಿ ಫೈಲು, ಫೈಲಿನಲ್ಲಿ ಅಂಕಪಟ್ಟಿ, ಎದೆಯಲ್ಲಿ ಡವಡವ. ಅರವತ್ತು ದಾಟಿದ ಗಂಡ ಹೆಂಡತಿ ಬಂದು ಅದೇ ಸಾಲಿನಲ್ಲಿ ನಿಂತರೆ ಹೇಗಿರುತ್ತದೆ? ಅರ್ಜಿ ತುಂಬಿ, ಸಂದರ್ಶನ ಎದುರಿಸಿ, ಕೊನೆಗೆ ಯಾವುದೋ ದೇಶದ ಹಳ್ಳಿಯಲ್ಲಿ ಕುಳಿತು ಗೊತ್ತೇ ಇಲ್ಲದ ಭಾಷೆಯ ಅ ಆ ಇ ಈ ತಿದ್ದತೊಡಗಿದರೆ?

ಇದು ಕಲ್ಪನೆಯಲ್ಲ. ಅಮೆರಿಕದಲ್ಲಿ ‘ಪೀಸ್ ಕೋರ್’ ಎಂಬ ಸರ್ಕಾರಿ ಸಂಸ್ಥೆ ಇದೆ. 1961ರ ಮಾರ್ಚ್ 1ರಂದು ಅಧ್ಯಕ್ಷ ಜಾನ್ ಎಫ್. ಕೆನಡಿ ಅದನ್ನು ಆರಂಭಿಸಿದಾಗ ಎಲ್ಲರ ಕಣ್ಣಿದ್ದದ್ದು ಕಾಲೇಜು ಮುಗಿಸಿದ ಯುವಕರ ಮೇಲೆ. ಆದರೆ ನಿಯಮದಲ್ಲಿ ಕನಿಷ್ಠ ವಯಸ್ಸು 18 ಎಂದಿದೆಯೇ ಹೊರತು ಗರಿಷ್ಠ ಮಿತಿ ಎಂಬುದೇ ಇಲ್ಲ. ಹಾಗಾಗಿ ಹಲವು ತಂಡಗಳಲ್ಲಿ ನಮ್ಮಂಥ ಹುಡುಗರ ನಡುವೆ ಒಬ್ಬಿಬ್ಬರು ತಲೆ ನೆರೆತವರು, ಆಗಾಗ ನಿವೃತ್ತ ದಂಪತಿ ಕೂಡ ಕಾಣಿಸುತ್ತಾರೆ. ಸೇವೆಯ ಅವಧಿ 27 ತಿಂಗಳು. ಮೊದಲ ಮೂರು ತಿಂಗಳು ತರಬೇತಿ, ಆಮೇಲೆ ಎರಡು ವರ್ಷ ಕೆಲಸ. ಸಂಬಳ ಇಲ್ಲ. ಅಲ್ಲಿನ ಜನ ಬದುಕುವ ಮಟ್ಟದಲ್ಲೇ ಬದುಕಲು ಸಾಕಾಗುವಷ್ಟು ತಿಂಗಳ ಭತ್ಯೆ, ಚಿಕಿತ್ಸೆಯ ಖರ್ಚು, ಮುಗಿಸಿ ವಾಪಸಾಗುವಾಗ ಮತ್ತೆ ಬದುಕು ಹೊಂದಿಸಿಕೊಳ್ಳಲು ಒಂದಿಷ್ಟು ಹಣ. ಅಷ್ಟೇ.

ಹೊರಡುವ ಮುನ್ನ ಆ ದಂಪತಿ ಪಡುವ ಪಾಡು ಕೇಳಿದರೆ ನಮ್ಮ ಕ್ಯಾಂಪಸ್ ಸೆಲೆಕ್ಷನ್ ಸುಲಭ ಅನಿಸುತ್ತದೆ. ಮೊದಲನೆಯದಾಗಿ, ‘ಗಂಡ ಸೆಲೆಕ್ಟ್ ಆದರೆ ಹೆಂಡತಿಯೂ ಜೊತೆಗೆ ಹೋಗಬಹುದು ಬಿಡಿ’ ಎನ್ನುವ ಹಾಗಿಲ್ಲ. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬೇಕು, ಇಬ್ಬರಿಗೂ ಅರ್ಹತೆ ಇರಬೇಕು, ಒಂದೇ ಊರಿನಲ್ಲಿ ಇಬ್ಬರಿಗೂ ಕೆಲಸ ಇರಬೇಕು. ಎರಡನೆಯದು ವೈದ್ಯಕೀಯ ತಪಾಸಣೆ. ಹಲ್ಲಿನಿಂದ ಹಿಡಿದು ಹೃದಯದವರೆಗೆ ಪರೀಕ್ಷೆಗಳು. ಐವತ್ತು ದಾಟಿದವರಿಗೆ ಈ ಪಟ್ಟಿ ಇನ್ನೂ ಉದ್ದ. ಇಬ್ಬರಲ್ಲಿ ಒಬ್ಬರ ರಕ್ತದೊತ್ತಡ ಹತೋಟಿಗೆ ಬರದಿದ್ದರೂ ಇಬ್ಬರ ಪಯಣವೂ ನಿಂತುಹೋಗಬಹುದು. ಮೂರನೆಯದು ಪೊಲೀಸ್ ದಾಖಲೆಗಳ ಪರಿಶೀಲನೆ, ಬೆರಳಚ್ಚು. ಇವೆಲ್ಲ ಮುಗಿಯಲು ತಿಂಗಳುಗಟ್ಟಲೆ ಬೇಕು.

ಇನ್ನು ಮನೆಯೊಳಗಿನ ತಯಾರಿ. ಮೂವತ್ತು ವರ್ಷ ಬಾಳಿದ ಮನೆಯನ್ನು ಬಾಡಿಗೆಗೆ ಕೊಡಬೇಕೋ ಬೀಗ ಹಾಕಬೇಕೋ? ಕಾರು ಮಾರಬೇಕೋ? ನಾಯಿಯನ್ನು ಯಾರ ಮನೆಯಲ್ಲಿ ಬಿಡಬೇಕು? ಬ್ಯಾಂಕು, ತೆರಿಗೆ ವ್ಯವಹಾರಕ್ಕೆ ಯಾರಿಗೆ ಅಧಿಕಾರ ಪತ್ರ ಬರೆದುಕೊಡಬೇಕು? ಎರಡು ವರ್ಷದ ಬದುಕನ್ನು ಒಂದೆರಡು ಸೂಟ್‌ಕೇಸಿನಲ್ಲಿ ತುಂಬುವುದು ಹೇಗೆ? ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೇರೆಯೇ ಇದೆ. ತೊಂಬತ್ತರ ಹತ್ತಿರದ ತಾಯಿಯನ್ನು ಬಿಟ್ಟು ಹೋಗುವುದೇ? ಮೊಮ್ಮಗುವಿನ ಮೊದಲ ಹೆಜ್ಜೆಯನ್ನು ಫೋನಿನಲ್ಲಿ ನೋಡುವುದೇ? ಮಕ್ಕಳು ‘ಈ ವಯಸ್ಸಿನಲ್ಲಿ ಬೇಕಿತ್ತಾ?’ ಎಂದು ಕೇಳುವುದು ಅಲ್ಲಿಯೂ ಇದ್ದದ್ದೇ.

ಅಲ್ಲಿಗೆ ಹೋದ ಮೇಲೆ? ನೇಪಾಳವನ್ನೇ ನೋಡಿ. 1962ರಷ್ಟು ಹಿಂದೆಯೇ ಈ ಸ್ವಯಂಸೇವಕರು ಅಲ್ಲಿಗೆ ಬಂದಿದ್ದರು. ತರಬೇತಿಯ ದಿನಗಳಲ್ಲಿ ಅವರು ಹೋಟೆಲಿನಲ್ಲಿ ಇರುವುದಿಲ್ಲ, ಊರಿನ ಒಂದು ಕುಟುಂಬದ ಜೊತೆ ಇರುತ್ತಾರೆ. ಬೆಳಿಗ್ಗೆ ಎದ್ದು ಭಾಷಾ ತರಗತಿ, ಮನೆಗೆ ಬಂದರೆ ದಾಲ್ ಭಾತ್. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ‘ಯೂ’ ಸಾಕು. ನೇಪಾಳಿಯಲ್ಲಿ ಹಾಗಲ್ಲ, ತಪಾಯಿಂ, ತಿಮಿ, ತಂ ಎಂದು ಮೂರು ಮೆಟ್ಟಿಲು. ನಮ್ಮ ನೀವು, ನೀನು ಇದ್ದ ಹಾಗೆ. ಯಾರಿಗೆ ಯಾವುದು ಎಂದು ತಿಳಿಯದೆ ಊರಿನ ಹಿರಿಯರನ್ನು ಏಕವಚನದಲ್ಲಿ ಕರೆದುಬಿಟ್ಟರೆ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಅಂಥ ಮಕ್ಕಳ ಮುಂದೆ ತಪ್ಪು ಉಚ್ಚರಿಸುತ್ತ ಕೂರಬೇಕು. ಪಕ್ಕದಲ್ಲಿ ಕುಳಿತ ಇಪ್ಪತ್ಮೂರರ ಸಹಪಾಠಿ ಪಟಪಟನೆ ಕಲಿಯುತ್ತಿದ್ದರೆ ಈ ಅಜ್ಜನಿಗೆ ನಿನ್ನೆ ಕಲಿತ ಪದವೇ ಇವತ್ತು ನೆನಪಿರುವುದಿಲ್ಲ. ಕೊನೆಯಲ್ಲಿ ಮೌಖಿಕ ಪರೀಕ್ಷೆ ಬೇರೆ. ಆಮೇಲೆ ಪ್ರಮಾಣವಚನ, ಕೆಲಸದ ಊರಿಗೆ ಪ್ರಯಾಣ. ಅಲ್ಲಿ ‘ಬನ್ನಿ ಸಾರ್’ ಎಂದು ಹಾರ ಹಿಡಿದು ಕಾಯುವವರು ಇರುವುದಿಲ್ಲ. ಮೊದಲ ಕೆಲವು ತಿಂಗಳು ಸುಮ್ಮನೆ ಊರಿನವರ ಜೊತೆ ಕೂತು, ಚಹಾ ಕುಡಿದು, ಅವರಿಗೆ ನಿಜವಾಗಿ ಏನು ಬೇಕಿದೆ ಎಂದು ತಿಳಿದುಕೊಳ್ಳುವುದೇ ಕೆಲಸ.

ಇಂಥವರಲ್ಲಿ ನಮ್ಮ ದೇಶಕ್ಕೆ ಬಂದ ಒಬ್ಬರ ಕಥೆ ಪ್ರಸಿದ್ಧ. ಲಿಲಿಯನ್ ಕಾರ್ಟರ್, ಜಾರ್ಜಿಯಾ ರಾಜ್ಯದ ಒಬ್ಬ ನರ್ಸ್. ಗಂಡ ತೀರಿಕೊಂಡು ವರ್ಷಗಳಾಗಿದ್ದವು. 1966ರಲ್ಲಿ, ತಮ್ಮ 68ನೇ ವಯಸ್ಸಿನಲ್ಲಿ ಅವರು ಪೀಸ್ ಕೋರ್ ಸೇರಿದರು. ಷಿಕಾಗೊದಲ್ಲಿ ತರಬೇತಿ ಮುಗಿಸಿ ಮುಂಬೈ ಬಳಿಯ ವಿಕ್ರೋಲಿಗೆ ಬಂದು, ಗೋದ್ರೆಜ್ ಕಾರ್ಖಾನೆಯ ಕಾಲೊನಿಯಲ್ಲಿ 21 ತಿಂಗಳು ರೋಗಿಗಳ ಆರೈಕೆ ಮಾಡಿದರು. ಅವರಲ್ಲಿ ಕುಷ್ಠರೋಗಿಗಳೂ ಇದ್ದರು. ಅಲ್ಲಿಂದ ಮನೆಗೆ ಬರೆದ ಪತ್ರಗಳು ಮುಂದೆ ಪುಸ್ತಕವಾಗಿ ಬಂದವು. ಅವರ ಮಗ ಜಿಮ್ಮಿ ಕಾರ್ಟರ್ ಅಮೆರಿಕದ ಅಧ್ಯಕ್ಷರಾದದ್ದು ಆಮೇಲೆ. ಆ ಮಗನೂ ಅಧಿಕಾರದಿಂದ ಇಳಿದ ಮೇಲೆ ಸುಮ್ಮನೆ ಕೂರಲಿಲ್ಲ. 1984ರಿಂದ ಹೆಂಡತಿ ರೋಸಲಿನ್ ಜೊತೆ ಬಡವರಿಗೆ ಮನೆ ಕಟ್ಟಿಕೊಡುವ ‘ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ’ ಸಂಸ್ಥೆಗಾಗಿ ಸುತ್ತಿಗೆ ಹಿಡಿದರು. 2006ರಲ್ಲಿ ಲೋನಾವಳಾ ಬಳಿಯ ಮಳವಲಿಗೆ ಬಂದು ಇಟ್ಟಿಗೆ ಜೋಡಿಸುವಾಗ ಅವರಿಗೆ 82, ರೋಸಲಿನ್ ಅವರಿಗೆ 79.

ಇದನ್ನೆಲ್ಲ ಯುವಕರ ಪುಟದಲ್ಲಿ ಯಾಕೆ ಹೇಳುತ್ತಿದ್ದೇನೆ? ಕಾರಣ ಇದೆ. ನಮ್ಮ ಸಮಾಜ ಬದುಕಿಗೆ ಒಂದು ಟೈಮ್‌ಟೇಬಲ್ ಹಾಕಿಟ್ಟಿದೆ. ಇಪ್ಪತ್ತೆರಡಕ್ಕೆ ಡಿಗ್ರಿ, ಇಪ್ಪತ್ತೈದಕ್ಕೆ ನೌಕರಿ, ಮೂವತ್ತರೊಳಗೆ ಮದುವೆ, ಅರವತ್ತಕ್ಕೆ ನಿವೃತ್ತಿ. ಆಮೇಲೆ ‘ರಾಮಾ ಕೃಷ್ಣಾ ಅಂತ ಇರಿ’. ‘ಬೇಗ ಸೆಟಲ್ ಆಗು’ ಎಂದು ನಮ್ಮನ್ನು ಅವಸರಪಡಿಸುವ ಬಾಯಿಯೇ ‘ಇನ್ನು ಸಾಕು, ಸುಮ್ಮನೆ ಕೂತ್ಕೊಳ್ಳಿ’ ಎಂದು ಹಿರಿಯರನ್ನು ಮೂಲೆಗೆ ಕಳಿಸುತ್ತದೆ. ಎರಡೂ ಒಂದೇ ನಂಬಿಕೆಯ ಎರಡು ಮಾತು. ಹೊಸದಾಗಿ ಏನಾದರೂ ಶುರು ಮಾಡಲು ಬದುಕಿನಲ್ಲಿ ಒಂದೇ ಒಂದು ಸಲ ಬಾಗಿಲು ತೆರೆಯುತ್ತದೆ, ಆಗ ಒಳಗೆ ಹೋಗದಿದ್ದರೆ ಮುಗಿಯಿತು ಎಂಬ ನಂಬಿಕೆ.

ಈ ನಂಬಿಕೆಯ ಪೆಟ್ಟು ಬೀಳುವುದು ನಮಗೇ. ನಾನಿರುವುದು ವಿಜಯನಗರದ ಒಂದು ಪಿಜಿಯಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರ ನಡುವೆ. ಇಲ್ಲಿ ಇಪ್ಪತ್ತೆಂಟು ದಾಟಿದವರು ತಮ್ಮ ವಯಸ್ಸು ಹೇಳಲು ಹಿಂಜರಿಯುತ್ತಾರೆ. ಎರಡು ವರ್ಷ ಓದಿಗೆ ಕೊಟ್ಟವರು ರೆಸ್ಯೂಮೆಯಲ್ಲಿನ ಆ ಖಾಲಿ ಜಾಗವನ್ನು ಏನೆಂದು ತುಂಬಲಿ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಬೇರೆ ಕೋರ್ಸ್ ಕಲಿಯೋಣ ಎಂದರೆ ‘ಈಗ ಜೂನಿಯರ್‌ಗಳ ಜೊತೆ ಕೂರಬೇಕಾ?’ ಎಂಬ ನಾಚಿಕೆ. ಅರವತ್ತೆರಡರ ಅಜ್ಜಿಯೊಬ್ಬರು ನೇಪಾಳದ ಹಳ್ಳಿಯಲ್ಲಿ ಎಳೆ ಮಕ್ಕಳ ಮುಂದೆ ಅಕ್ಷರ ತಿದ್ದಬಹುದಾದರೆ, ಇಪ್ಪತ್ತೆಂಟಕ್ಕೆ ನಮಗೇಕೆ ಈ ಸಂಕೋಚ?

ಇನ್ನೊಂದು ವಿಷಯ ನಮ್ಮ ಮನೆಗೇ ಸೇರಿದ್ದು. ನಮ್ಮಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬರುವ ಮೇ ತಿಂಗಳಿಗೆ ನಿವೃತ್ತಿ. ‘ಮುಂದೇನು?’ ಎಂಬ ಪ್ರಶ್ನೆಗೆ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಉತ್ತರ ಕೊಡುತ್ತಿದ್ದಾರೆ. ಅಕ್ಕ ಇರುವುದು ನ್ಯೂಜೆರ್ಸಿಯಲ್ಲಿ. ಅವಳ ಬಾಣಂತನಕ್ಕೆ ಅಮ್ಮ ಹೋಗುತ್ತಾರೆ, ಆರು ತಿಂಗಳು ಇದ್ದು ಬರುತ್ತಾರೆ ಎಂದು ಚಿಕ್ಕಮ್ಮ ಹೇಳಿದರು. ಎಲ್ಲರೂ ಹೂಂ ಅಂದರು. ಅಮ್ಮನ ಬಾಯಿಂದ ಇನ್ನೂ ಒಂದು ಮಾತು ಬಂದಿಲ್ಲ.

ಯೋಚಿಸಿ ನೋಡಿ. ಕರ್ನಾಟಕದ ನಿವೃತ್ತ ದಂಪತಿಗಳು ವಿದೇಶಕ್ಕೆ ಹೋಗುವುದಿಲ್ಲವೇ? ಬೇಕಾದಷ್ಟು ಜನ ಹೋಗುತ್ತಾರೆ. ಚಟ್ನಿಪುಡಿ, ಅಂಟಿನುಂಡೆ ಕಟ್ಟಿಕೊಂಡು, ವೀಸಾ ಸಂದರ್ಶನಕ್ಕೆ ಉತ್ತರ ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಮಗಳಿಗೆ ಎಣ್ಣೆ ನೀರು, ಮಗುವಿಗೆ ಲಾಲಿ, ಅಳಿಯನಿಗೆ ಬಿಸಿ ಊಟ. ಅದೂ ಸೇವೆಯೇ, ಅದರ ಬೆಲೆ ಕಟ್ಟಲಾಗದು. ನನ್ನ ತಕರಾರು ಬಾಣಂತನದ ಮೇಲಲ್ಲ. ಅಲ್ಲಿಗೆ ಹೋಗುವವರನ್ನು ‘ನಿಮಗೆ ಇಷ್ಟವಾ?’ ಎಂದು ಕೇಳುವ ರೂಢಿಯೇ ನಮ್ಮಲ್ಲಿಲ್ಲ ಎಂಬುದರ ಮೇಲೆ. ಪೀಸ್ ಕೋರ್‌ಗೆ ಸೇರುವ ದಂಪತಿಯಲ್ಲಿ ಇಬ್ಬರೂ ಬೇರೆ ಬೇರೆ ಅರ್ಜಿ ಬರೆಯಬೇಕು ಎಂದೆನಲ್ಲ, ನನಗೆ ಬಹಳ ಹಿಡಿಸಿದ ನಿಯಮ ಅದು. ನಮ್ಮ ಮನೆಗಳಲ್ಲಿ ಅಮ್ಮನ ಅರ್ಜಿಯನ್ನು ಯಾರೋ ಬರೆದು, ಯಾರೋ ಸಹಿ ಹಾಕಿಬಿಡುತ್ತಾರೆ.

ಇದಕ್ಕೆ ಎದುರು ಮಾತು ಇಲ್ಲದಿಲ್ಲ. ‘ಅಮೆರಿಕದವರಿಗೆ ಪಿಂಚಣಿ ಇದೆ, ದುಡ್ಡಿದೆ, ಅವರು ಏನು ಬೇಕಾದರೂ ಮಾಡುತ್ತಾರೆ’ ಎಂದು ಗೆಳೆಯನೊಬ್ಬ ವಾದಿಸಿದ. ಬಹುಮಟ್ಟಿಗೆ ನಿಜ. ನಮ್ಮಲ್ಲಿ ಜೀವನವಿಡೀ ದುಡಿದರೂ ಪಿಂಚಣಿಯ ಮುಖ ನೋಡದ ರೈತರು, ಗಾರೆ ಕೆಲಸದವರು, ಅಂಗಡಿಯವರು ಎಷ್ಟೋ ಮಂದಿ. ಅವರಿಗೆ ನಿವೃತ್ತಿ ಎಂಬುದೇ ಇಲ್ಲ. ಸರ್ಕಾರಿ ನೌಕರರ ಮನೆಯಲ್ಲೂ ನಿವೃತ್ತಿಯ ಇಡಿಗಂಟು ಮಕ್ಕಳ ಫೀಸಿನ ಸಾಲಕ್ಕೆ, ಮದುವೆಗೆ, ಸೈಟಿಗೆ ಕರಗುತ್ತದೆ. ಹಾಗಿದ್ದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಅವರ ಕೈ ಕಟ್ಟಿರುವುದು ವಯಸ್ಸಲ್ಲ, ನಮ್ಮ ಖರ್ಚು. ಆ ಗಂಟನ್ನು ‘ನಮ್ಮದು’ ಎಂದು ಎಣಿಸುವುದನ್ನು ನಾವು ಬಿಟ್ಟರೆ ಅವರ ಆಯ್ಕೆ ಸ್ವಲ್ಪವಾದರೂ ದೊಡ್ಡದಾಗುತ್ತದೆ.

‘ಸೇವೆಯ ಹೆಸರಿನಲ್ಲಿ ಪ್ರವಾಸ ಅಲ್ವಾ?’ ಎಂಬುದು ಇನ್ನೊಂದು ಆಕ್ಷೇಪ. ಹಣ ಕಟ್ಟಿ ಎರಡು ವಾರ ಬಡ ದೇಶಕ್ಕೆ ಹೋಗಿ, ಅನಾಥಾಶ್ರಮದ ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಬರುವ ಪ್ಯಾಕೇಜುಗಳು ಇವೆ. ಅದು ಸೇವೆಯಲ್ಲ, ಅದರಲ್ಲಿ ಅನುಮಾನ ಬೇಡ. ಪೀಸ್ ಕೋರ್ ಹುಟ್ಟಿದ್ದೂ ಶೀತಲ ಸಮರದ ಕಾಲದಲ್ಲಿ, ಅದರ ಹಿಂದೆ ಅಮೆರಿಕದ ರಾಜಕೀಯ ಲೆಕ್ಕಾಚಾರವೂ ಇತ್ತು. 1961ರಿಂದ 1976ರವರೆಗೆ ಆ ಸ್ವಯಂಸೇವಕರು ನಮ್ಮ ದೇಶದಲ್ಲಿ ಕೋಳಿ ಸಾಕಣೆ, ಕೃಷಿ, ಆರೋಗ್ಯ, ಶಿಕ್ಷಣ ಎಂದು ದುಡಿದಾಗಲೂ ಅವರನ್ನು ಅನುಮಾನದಿಂದ ನೋಡಿದವರಿದ್ದರು. ಆದರೂ ಎರಡು ವಾರಕ್ಕೂ ಎರಡು ವರ್ಷಕ್ಕೂ ಇರುವ ಅಂತರವನ್ನು ಮರೆಯಬಾರದು. ಭಾಷೆ ಕಲಿತು, ಅವರು ಉಂಡದ್ದನ್ನೇ ಉಂಡು, ಮಳೆಗಾಲ ಚಳಿಗಾಲ ಎರಡೆರಡು ಸಲ ಕಂಡವರನ್ನು ಪ್ರವಾಸಿ ಎನ್ನಲಾಗದು.

‘ಸೇವೆಗೆ ವಿದೇಶವೇ ಬೇಕಾ?’ ಎಂದರೆ, ಖಂಡಿತ ಬೇಡ. ಪಕ್ಕದ ತಾಲ್ಲೂಕಾದರೂ ಸಾಕು. ವಿದೇಶವೇ ಬೇಕೆನ್ನುವ ಭಾರತೀಯರಿಗೂ ದಾರಿ ಇದೆ. ಪೀಸ್ ಕೋರ್ ಅಮೆರಿಕದ ಪೌರರಿಗೆ ಮಾತ್ರ, ಆದರೆ ಜರ್ಮನಿಯ ಬಾನ್ ನಗರದಲ್ಲಿ ಕೇಂದ್ರ ಕಚೇರಿ ಇರುವ ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಗೆ ನಾವೂ ಅರ್ಜಿ ಹಾಕಬಹುದು. ಅದರಲ್ಲಿ 18ರಿಂದ 26ರವರೆಗಿನ ಯುವಕರಿಗೆ ಒಂದು ವಿಭಾಗ, ದೀರ್ಘ ಅನುಭವ ಇರುವ ತಜ್ಞರಿಗೆ ಇನ್ನೊಂದು ವಿಭಾಗ. ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾಡುವ ಸ್ವಯಂಸೇವೆಯೂ ಇದೆ. ಅಂದರೆ ಒಂದೇ ಮನೆಯ ಮಗಳು ಮತ್ತು ಅಪ್ಪ ಒಂದೇ ಜಾಲತಾಣದಲ್ಲಿ, ಬೇರೆ ಬೇರೆ ವಿಭಾಗಕ್ಕೆ ಅರ್ಜಿ ತುಂಬಬಹುದು!

ಕಾಲೇಜಿನಲ್ಲಿ ಎನ್‌ಎಸ್‌ಎಸ್‌ಗೆ ಸೇರಿದವರಿಗೆ ಎರಡು ವರ್ಷದಲ್ಲಿ 240 ಗಂಟೆ ಸೇವೆ, ಒಂದು ವಾರದ ಶಿಬಿರ ಎಂಬ ಲೆಕ್ಕ ಗೊತ್ತು. ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಪ್ರಮಾಣಪತ್ರಕ್ಕಾಗಿ ಮುಗಿಸುತ್ತೇವೆ, ಆ ಪತ್ರ ಉದ್ಯೋಗಕ್ಕೆ ಉಪಯೋಗವಾಗುತ್ತದೆ ಎಂಬ ಆಸೆ. ಆಸೆ ತಪ್ಪಲ್ಲ, ಕೆಲಸ ಹುಡುಕುವವರ ಕಷ್ಟ ಹುಡುಕುವವರಿಗೇ ಗೊತ್ತು. ಆದರೆ 27 ತಿಂಗಳಿಗೆ ಹೊರಟ ಆ ದಂಪತಿಗೆ ತೋರಿಸಲು ರೆಸ್ಯೂಮೆಯೂ ಇಲ್ಲ, ಬರಬೇಕಾದ ಬಡ್ತಿಯೂ ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಅರವತ್ತರಷ್ಟು ದೇಶಗಳಲ್ಲಿದ್ದ ಸುಮಾರು ಏಳು ಸಾವಿರ ಸ್ವಯಂಸೇವಕರನ್ನು ಪೀಸ್ ಕೋರ್ ಕೆಲವೇ ದಿನಗಳಲ್ಲಿ ವಾಪಸ್ ಕರೆಸಿಕೊಂಡಿತು. ಎಷ್ಟೋ ಜನರಿಗೆ ಊರಿನವರಿಗೆ ಸರಿಯಾಗಿ ವಿದಾಯ ಹೇಳಲೂ ಆಗಲಿಲ್ಲ. ಅರ್ಧದಲ್ಲೇ ಮುರಿದುಬೀಳಬಹುದು ಎಂದು ಗೊತ್ತಿದ್ದೂ ಕೈ ಹಾಕುವ ಕೆಲಸ ಅದು. ಐದು ಪ್ರಯತ್ನದಲ್ಲಿ ಪರೀಕ್ಷೆ ಪಾಸಾಗದಿದ್ದರೆ ಬದುಕೇ ವ್ಯರ್ಥ ಎಂದುಕೊಳ್ಳುವ ನಮ್ಮ ಗೆಳೆಯರಿಗೆ ನಾನು ಇದನ್ನೇ ಹೇಳಲು ಬಯಸುತ್ತೇನೆ. ಮತ್ತೊಂದು ಕಡೆಯಿಂದ ಶುರು ಮಾಡುವುದು ಸೋಲಲ್ಲ, ಅದಕ್ಕೆ ಕೊನೆಯ ದಿನಾಂಕವೂ ಇಲ್ಲ.

ಹಾಗಾಗಿ ಗೆಳೆಯರೇ, ಈ ವಾರ ಊರಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ? ದುಡ್ಡು ಹಾಕಿದ್ರಾ?’ ಎಂಬುದರ ಜೊತೆಗೆ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿ. ‘ನೀವು ಮಾಡಬೇಕು ಅಂದ್ಕೊಂಡು ಮಾಡದೇ ಉಳಿದದ್ದು ಏನಾದರೂ ಇದೆಯಾ?’ ಉತ್ತರ ವಿದೇಶ ಸೇವೆ ಆಗಬೇಕಿಲ್ಲ. ಹಾರ್ಮೋನಿಯಂ ಇರಬಹುದು, ಸ್ಕೂಟಿ ಕಲಿಯುವುದು ಇರಬಹುದು, ಊರ ಶಾಲೆಯಲ್ಲಿ ಪುಕ್ಕಟೆ ಲೆಕ್ಕ ಹೇಳಿಕೊಡುವುದು ಇರಬಹುದು. ಏನೇ ಇರಲಿ, ‘ಈ ವಯಸ್ಸಿನಲ್ಲಾ?’ ಎಂದು ಮಾತ್ರ ಕೇಳಬೇಡಿ. ಅರ್ಜಿ ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಡಿ. ಆನ್‌ಲೈನ್ ಫಾರ್ಮ್ ತುಂಬುವುದರಲ್ಲಿ ನಮ್ಮಷ್ಟು ಅನುಭವ ಯಾರಿಗಿದೆ ಹೇಳಿ!