ಅಗ್ಗದ ಯೆನ್, ಎತ್ತರದ ಮೆಟ್ಟಿಲು

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲವೂ ನಮ್ಮ ಪ್ರವಾಸಗಳೆಲ್ಲ ದೇಶದ ಗಡಿಯೊಳಗೇ ಮುಗಿದವು. ರಿಯಾಯಿತಿ ಪ್ರಯಾಣಭತ್ಯೆಯ ವ್ಯಾಪ್ತಿ ಅಷ್ಟೇ. ಸ್ವಂತ ಖರ್ಚಿನಲ್ಲಿ ಹೊರದೇಶಕ್ಕೆ ಹೊರಡುವುದಿದ್ದರೂ ಮೇಲಧಿಕಾರಿಗಳ ಅನುಮತಿ ಬೇಕು. ನಿವೃತ್ತಿಯ ನಂತರ ಕುಂದಾಣದಲ್ಲಿ ನೆಲೆಸಿದೆವು. ನಮ್ಮ ಮನೆಯ ಮೇಲೆ ಹಾರಿಹೋಗುವ ವಿಮಾನಗಳನ್ನು ನೋಡುತ್ತಾ ನನ್ನ ಪತ್ನಿ, ‘ರೀ, ಮಂಡಿ ಪೂರ್ತಿ ಕೈಕೊಡುವ ಮೊದಲು ಒಂದು ಸಲ ಹೋಗಿಬರೋಣ’ ಎಂದಳು. ಹೀಗೆ 2024ರ ನವೆಂಬರ್‌ನಲ್ಲಿ, ಮೇಪಲ್ ಎಲೆಗಳು ಕೆಂಪಾಗುವ ಕಾಲಕ್ಕೆ, ಜಪಾನಿಗೆ ಹೊರಟೆವು.

ಜಪಾನ್ ಈಗ ಅಗ್ಗ ಎಂಬುದು ಎಲ್ಲರ ಬಾಯಲ್ಲೂ ಕೇಳಿಬರುವ ಮಾತು. ಅರ್ಥಶಾಸ್ತ್ರ ಓದಿದವನಿಗೆ ಲೆಕ್ಕ ಹಾಕದೆ ನಿದ್ದೆ ಬರುವುದಿಲ್ಲ. 2012ರಲ್ಲಿ ಒಂದು ಡಾಲರಿಗೆ ಸುಮಾರು 80 ಯೆನ್ ಇದ್ದದ್ದು ನಾವು ಹೋದಾಗ 154ರ ಆಸುಪಾಸಿನಲ್ಲಿತ್ತು. ಅಮೆರಿಕನ್ನನಿಗೆ ಇದು ಹೆಚ್ಚುಕಡಿಮೆ ಅರ್ಧ ಬೆಲೆಯ ದೇಶ. ಆದರೆ ಅದೇ ಅವಧಿಯಲ್ಲಿ ನಮ್ಮ ರೂಪಾಯಿಯೂ ಡಾಲರಿನೆದುರು 53ರಿಂದ 84ಕ್ಕೆ ಕುಸಿದಿತ್ತಲ್ಲ! ನೂರು ಯೆನ್‌ಗೆ ಅಂದು ಕೊಡಬೇಕಿದ್ದುದು ಸುಮಾರು 67 ರೂಪಾಯಿ, ನಾವು ಹೋದಾಗ 55. ನಮಗೆ ಸಿಕ್ಕ ರಿಯಾಯಿತಿ ಐದನೇ ಒಂದು ಭಾಗಕ್ಕೂ ಕಡಿಮೆ. ನಿಜವಾದ ಕಾರಣ ಬೇರೆಯೇ ಇದೆ. ಜಪಾನಿನ ಬೆಲೆಗಳು ಎರಡು ದಶಕ ಕದಲದೆ ನಿಂತಿದ್ದವು. ಇಲ್ಲಿ ನಮ್ಮಂಥವರ ಪಿಂಚಣಿ ಏರುತ್ತಲೇ ಹೋಯಿತು. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಯಾದದ್ದು 2024ರ ಆಗಸ್ಟ್‌ನಲ್ಲಿ. ನಾವು ಟಿಕೆಟ್ ಕಾದಿರಿಸಿದ್ದು ಸೆಪ್ಟೆಂಬರ್‌ನಲ್ಲಿ. ಇದು ಕಾಕತಾಳೀಯವೇನಲ್ಲ.

ಯೋಜನೆಯ ಹಂತದಲ್ಲಿ ಒಬ್ಬ ಪ್ರವಾಸ ಏಜೆಂಟ್ ಏಳು ದಿನದ ಜಪಾನ್ ರೈಲ್ ಪಾಸ್ ಅನಿವಾರ್ಯವೆಂದ. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 29,650 ಯೆನ್‌ನಿಂದ 50,000ಕ್ಕೆ ಜಿಗಿದಿತ್ತು. ಟೋಕಿಯೊ–ಕ್ಯೋಟೊ ಬುಲೆಟ್ ರೈಲಿನಲ್ಲಿ ಹೋಗಿಬರಲು ಬಿಡಿ ಟಿಕೆಟ್ಟಿಗೆ ತಗಲುವುದು ಸುಮಾರು 28,000 ಯೆನ್. ಪ್ಯಾಕೇಜ್ ಕೊಂಡರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ 2024ರಲ್ಲಿ ಶೇ 5, ಏಳು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇ 20 ಇತ್ತು. ಆ ಮಿತಿಯನ್ನು ಹತ್ತು ಲಕ್ಷಕ್ಕೆ ಏರಿಸಿದ್ದು 2025ರ ಏಪ್ರಿಲ್‌ನಲ್ಲಿ. ರಿಟರ್ನ್ಸ್ ಸಲ್ಲಿಸಿದಾಗ ಈ ಹಣ ಹೊಂದಾಣಿಕೆಯಾಗುತ್ತದೆ, ನಿಜ. ಆದರೆ ಪಿಂಚಣಿದಾರನ ಹಣ ಅಲ್ಲಿಯವರೆಗೆ ಖಜಾನೆಯಲ್ಲಿ ಕುಳಿತಿರುತ್ತದೆ. ವಿಮಾನ, ಹೋಟೆಲ್, ವೀಸಾ ಎಲ್ಲವನ್ನೂ ನಾವೇ ಹೊಂದಿಸಿಕೊಂಡೆವು.

ಊಟದ ಕಷ್ಟವನ್ನು ಮುಚ್ಚಿಡಲಾರೆ. ತರಕಾರಿ ಸಾರೆಂದು ಕೊಟ್ಟದ್ದರಲ್ಲೂ ಒಣಮೀನಿನ ರಸವಿರುತ್ತದೆ. ಹುರಿಹಿಟ್ಟು, ಅವಲಕ್ಕಿ, ಪುಳಿಯೋಗರೆ ಗೊಜ್ಜು ನಮ್ಮನ್ನು ಕಾಪಾಡಿದವು.

ಕ್ಯೋಟೊದ ದೇವಾಲಯಗಳ ವರ್ಣನೆ ಬೇರೆಡೆ ಬೇಕಾದಷ್ಟಿದೆ. ನನ್ನ ಮನಸ್ಸಿನಲ್ಲಿ ನಿಂತದ್ದು ಅಲ್ಲಿನ ಸಿಟಿ ಬಸ್ಸು. ಹಿಂಬಾಗಿಲಲ್ಲಿ ಹತ್ತಬೇಕು, ಇಳಿಯುವಾಗ ಮುಂದೆ 230 ಯೆನ್ ಹಾಕಬೇಕು. ಬಸ್ಸಿನ ನೆಲ ಪಾದಚಾರಿ ಮಾರ್ಗಕ್ಕೆ ಬಹುತೇಕ ಸಮನಾಗಿರುತ್ತದೆ, ಮೆಟ್ಟಿಲೇ ಇಲ್ಲ. ನನ್ನ ಪತ್ನಿ ನನ್ನ ಭುಜ ಹಿಡಿಯದೆ ಬಸ್ಸು ಹತ್ತಿದಳು. ಅವಳು ಆಸನದಲ್ಲಿ ಕೂರುವವರೆಗೂ ಚಾಲಕ ಗಾಡಿ ಕದಲಿಸಲಿಲ್ಲ. ಮೂರನೇ ದಿನ ನಾನು ಹೋಟೆಲಿನಲ್ಲಿ ಮಲಗಿದ್ದಾಗ ಅವಳು ಒಬ್ಬಳೇ ಮಾರುಕಟ್ಟೆಗೆ ಹೋಗಿ ಬಂದಳು. ಊರಿನಲ್ಲಿ ನಾಲ್ಕು ವರ್ಷಗಳಿಂದ ಅವಳು ಒಂಟಿಯಾಗಿ ಬಸ್ಸು ಹತ್ತಿರಲಿಲ್ಲ.

ಇದು ಜಪಾನೀಯರ ರಕ್ತಗುಣವೇನಲ್ಲ. ಅಲ್ಲಿ ಈಗ ನೂರಕ್ಕೆ ಸುಮಾರು 29 ಮಂದಿ 65 ದಾಟಿದವರು. ನಿಲ್ದಾಣ ಮತ್ತು ವಾಹನಗಳನ್ನು ವೃದ್ಧರಿಗೂ ಅಂಗವಿಕಲರಿಗೂ ಅನುಕೂಲವಾಗುವಂತೆ ಮಾರ್ಪಡಿಸಲು 2000ದಲ್ಲಿ ಕಾಯ್ದೆಯನ್ನೇ ತಂದು, ವರ್ಷವರ್ಷವೂ ಹಣ ಸುರಿದರು. ಸರ್ಕಾರದ ಸಾಲ ರಾಷ್ಟ್ರೀಯ ಉತ್ಪನ್ನದ ಎರಡು ಪಟ್ಟಿಗೂ ಮೇಲಿದೆ ಎಂಬುದನ್ನು ಮರೆಯುವಂತಿಲ್ಲ; ಚಾಲಕರ ಅಭಾವದಿಂದ ಗ್ರಾಮಾಂತರ ಬಸ್ಸುಗಳು ಅಲ್ಲೂ ನಿಲ್ಲುತ್ತಿವೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. ಅದರಡಿಯ ನಿಯಮಗಳು ಸುಗಮ ಪ್ರವೇಶವನ್ನು ಕೇವಲ ಮಾರ್ಗಸೂಚಿಯ ಮಟ್ಟಕ್ಕೆ ಇಳಿಸಿವೆ, ಕಡ್ಡಾಯ ಮಾನದಂಡಗಳನ್ನು ರೂಪಿಸಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಾವು ಪ್ರವಾಸ ಹೋದ ಅದೇ ತಿಂಗಳು, 2024ರ ನವೆಂಬರ್ 8ರಂದು. ಕಡತದಲ್ಲಿ ‘ಪರಿಶೀಲಿಸಬಹುದು’ ಎಂದು ಬರೆಯುವುದಕ್ಕೂ ‘ಮಾಡತಕ್ಕದ್ದು’ ಎಂದು ಬರೆಯುವುದಕ್ಕೂ ಇರುವ ಅಂತರ ನನಗೆ ಚೆನ್ನಾಗಿ ಗೊತ್ತು. ಮೊದಲನೆಯದನ್ನು ನಾನೇ ಎಷ್ಟೋ ಬಾರಿ ಬರೆದಿದ್ದೇನೆ.

ಕುಂದಾಣಕ್ಕೆ ಅಷ್ಟೇನೂ ದೂರವಲ್ಲದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ, ಅಲ್ಲಿನ ಶಿಕ್ಷಣ, ಕೈಗಾರಿಕೆಗಳನ್ನು ಕಂಡುಬಂದರು. ಅವರು ಅಲ್ಲಿಂದ ವಿಚಾರಗಳನ್ನು ತಂದರು, ನಾವು ಸಾಲ ತರುತ್ತಿದ್ದೇವೆ. ಬೆಂಗಳೂರು ಮೆಟ್ರೊ ಎರಡನೇ ಹಂತಕ್ಕೆ ಜಪಾನಿನ ಜೈಕಾ ಸಂಸ್ಥೆ 2021ರ ಮಾರ್ಚ್‌ನಲ್ಲಿ ಒಪ್ಪಿದ ಸಾಲ ಸುಮಾರು 5,200 ಕೋಟಿ ಯೆನ್. ಸಿಲ್ಕ್ ಬೋರ್ಡ್‌ನಿಂದ ವಿಮಾನ ನಿಲ್ದಾಣದವರೆಗಿನ 58 ಕಿಲೋಮೀಟರ್ ಮಾರ್ಗಕ್ಕೆ ಅದು ನೆರವಾಗುತ್ತದೆ. ಸಂತೋಷವೇ. ಆದರೆ ಆ ನಿಲ್ದಾಣದಿಂದ ಸುತ್ತಲಿನ ಹಳ್ಳಿಗಳಿಗೆ ಮೆಟ್ಟಿಲು ತಗ್ಗಿದ ನಾಲ್ಕು ಬಸ್ಸು ಓಡಿಸಲು ವಿದೇಶಿ ಸಾಲ ಬೇಕಿಲ್ಲ. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ ಭಾರತೀಯರು ಉದಾರೀಕೃತ ರವಾನೆ ಯೋಜನೆಯಡಿ ವಿದೇಶ ಪ್ರವಾಸಕ್ಕೆಂದು 2023–24ರಲ್ಲಿ ಒಯ್ದದ್ದು ಸುಮಾರು 1,700 ಕೋಟಿ ಡಾಲರ್. ಅದರಲ್ಲಿ ನಮ್ಮಂಥವರ ಪಾಲು ಎಷ್ಟರಮಟ್ಟಿಗೆ ಸುಗಮವಾದ ಕಾಲುದಾರಿ, ಲಿಫ್ಟು, ಶುಚಿಯಾದ ಶೌಚಾಲಯಗಳಿಗೆ ತೆತ್ತ ಬಾಡಿಗೆಯೋ ಯಾರೂ ಲೆಕ್ಕ ಹಾಕಿಲ್ಲ.

ನಡುರಾತ್ರಿ ಬಂದಿಳಿದೆವು. ಆ ಹೊತ್ತಿಗೆ ಕುಂದಾಣದ ಕಡೆಗೆ ಬಸ್ಸಿಲ್ಲ; ಟ್ಯಾಕ್ಸಿ ಹಿಡಿದೆವು. ಮರುವಾರ ಪತ್ನಿಯ ದಾಖಲೆಯೊಂದರ ತಿದ್ದುಪಡಿಗೆ ಚಪ್ಪರದಕಲ್ಲಿನ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು. ಅದು ನಮ್ಮ ಹೋಬಳಿಯಲ್ಲೇ ಇದೆ. ಬಸ್ಸು ಬಂತು. ಮೊದಲ ಮೆಟ್ಟಿಲು ಅವಳ ಮಂಡಿಯ ಎತ್ತರಕ್ಕಿತ್ತು. ಒಮ್ಮೆ ಕಂಬಿ ಹಿಡಿದು ನೋಡಿದಳು, ಕೈಬಿಟ್ಟಳು. ‘ನೀವೇ ಹೋಗಿಬನ್ನಿ’ ಎಂದು ಕಾಗದಗಳ ಚೀಲವನ್ನು ನನ್ನ ಕೈಗಿತ್ತು ಮನೆಯ ಕಡೆ ತಿರುಗಿದಳು.