ಎರಡು ರೂಮಿನ ಮನೆಗೆ ಬೆಕ್ಕು ಬಂದರೆ

ಉಡುಪಿ ಪಕ್ಕದ ಅಂಬಲಪಾಡಿಯಲ್ಲಿ ವಿದ್ಯಾರ್ಥಿಗಳು ಬೆಕ್ಕನ್ನು ಹುಡುಕಿಕೊಂಡು ಹೋಗುವುದು ಕಡಿಮೆ. ಬೆಕ್ಕೇ ಅವರನ್ನು ಹುಡುಕಿಕೊಂಡು ಬರುತ್ತದೆ. ಮಣಿಪಾಲದಲ್ಲೋ ಉಡುಪಿಯಲ್ಲೋ ಓದುವ ಮೂವರು ಸೇರಿ ಒಂದು ಫ್ಲ್ಯಾಟ್ ಹಿಡಿದಿರುತ್ತಾರೆ. ಜೂನ್ ಮಳೆಗೆ ನೆನೆದ ಮರಿಯೊಂದು ಪಾರ್ಕಿಂಗ್‌ನಲ್ಲಿ ಸ್ಕೂಟರಿನ ಅಡಿ ಕೂತು ಕೂಗುತ್ತದೆ. ಒಬ್ಬ ಮೇಲಕ್ಕೆ ಎತ್ತಿಕೊಂಡು ಬರುತ್ತಾನೆ, ಇನ್ನೊಬ್ಬ ಹಾಲಿನ ಪ್ಯಾಕೆಟ್ ಒಡೆಯುತ್ತಾನೆ (ದನದ ಹಾಲು ಹೆಚ್ಚಿನ ಬೆಕ್ಕುಗಳ ಹೊಟ್ಟೆಗೆ ಆಗಿಬರುವುದಿಲ್ಲ, ಅದು ಬೇರೆ ಮಾತು). ಸಾಕಬೇಕೋ ಬೇಡವೋ ಎಂಬ ಚರ್ಚೆ ಶುರುವಾಗುವ ಹೊತ್ತಿಗೆ ಮರಿಗೆ ಹೆಸರೂ ಇಟ್ಟಾಗಿರುತ್ತದೆ.

ಜಾಗ ಸಣ್ಣದು ಎಂಬ ಆಕ್ಷೇಪ ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ನನಗೆ ಅದರಲ್ಲಿ ಹೆಚ್ಚು ಹುರುಳು ಕಾಣುವುದಿಲ್ಲ. ಬೆಕ್ಕು ದಿನದಲ್ಲಿ 12ರಿಂದ 16 ಗಂಟೆ ನಿದ್ದೆಯಲ್ಲೇ ಕಳೆಯುತ್ತದೆ. ಅದಕ್ಕೆ ಬೇಕಾದದ್ದು ಅಗಲಕ್ಕಿಂತ ಎತ್ತರ: ಹತ್ತಿ ಕೂರಲು ಒಂದು ಕಪಾಟು, ಹೊರಗೆ ನೋಡಲು ಒಂದು ಕಿಟಕಿ. ನಾಯಿಯಂತೆ ಬೆಳಗ್ಗೆ ಸಂಜೆ ತಿರುಗಾಡಿಸುವ ಗೋಜಿಲ್ಲ. ಊರು ಬಿಟ್ಟು ಬಂದ ಹುಡುಗ ಕ್ಲಾಸು ಮುಗಿಸಿ ರಾತ್ರಿ ಬಾಗಿಲು ತೆರೆದಾಗ ಒಳಗೊಂದು ಜೀವ ಎದ್ದು ಬಂದು ಕಾಲಿಗೆ ಮೈ ಉಜ್ಜುವುದು ಸಣ್ಣ ಸಂಗತಿಯಲ್ಲ. ಪರೀಕ್ಷೆಯ ದಿನಗಳಲ್ಲಂತೂ ಅದರ ಬೆಲೆ ಪೋಷಕರಿಗಿಂತ ರೂಮ್‌ಮೇಟ್‌ಗಳಿಗೇ ಚೆನ್ನಾಗಿ ಗೊತ್ತು.

ಆದರೆ "ಬೆಕ್ಕು ಸಾಕಲು ಏನು ಕಷ್ಟ?" ಎಂಬ ಕರಾವಳಿಯ ಧೈರ್ಯ ಹುಟ್ಟಿದ್ದು ಹೆಂಚಿನ ಮನೆಯಲ್ಲಿ. ಅಲ್ಲಿ ಅಟ್ಟದ ಅಕ್ಕಿಮುಡಿಗೆ ಇಲಿ ಬೀಳದಂತೆ ಬೆಕ್ಕು ಇರುತ್ತಿತ್ತು. ಮೀನು ಕೊಯ್ಯುವಾಗ ಸಿಕ್ಕ ತಲೆ, ಬಾಲ ಅದರ ಊಟ; ತೆಂಗಿನ ಬುಡದ ಮಣ್ಣು ಅದರ ಪಾಯಿಖಾನೆ. ಸಾಕುತ್ತಿದ್ದುದು ಅರ್ಧ ಮನೆಯವರು, ಅರ್ಧ ಹಿತ್ತಿಲು. ಮೂರನೇ ಮಹಡಿಯಲ್ಲಿ ಹಿತ್ತಿಲಿನ ಪಾಲೂ ವಿದ್ಯಾರ್ಥಿಯ ತಲೆಗೇ ಬರುತ್ತದೆ. ಹೊರಗೆ ಬಿಟ್ಟರಾಯಿತು ಅನ್ನೋಣವೆಂದರೆ ರಾಷ್ಟ್ರೀಯ ಹೆದ್ದಾರಿ 66 ಅಂಬಲಪಾಡಿಯ ನಡುವೆಯೇ ಹಾದುಹೋಗಿದೆ.

ಒಳಗೇ ಇಟ್ಟುಕೊಂಡರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿದ, ಒಗೆದ ಬಟ್ಟೆಯೂ ಒಳಗೇ ನೇತಾಡುವ ಮನೆಯಲ್ಲಿ ಬೆಕ್ಕಿನ ಹೊಯ್ಗೆಯ ತಟ್ಟೆಯೂ ಇರಬೇಕು. ದಿನಕ್ಕೊಮ್ಮೆಯಾದರೂ ಅದನ್ನು ಶುಚಿ ಮಾಡದಿದ್ದರೆ ವಾಸನೆ ಮೆಟ್ಟಿಲವರೆಗೆ ಇಳಿಯುತ್ತದೆ. ಬಾಲ್ಕನಿಗೆ ಬಲೆ ಕಟ್ಟಲೇಬೇಕು. ಮಲ್ಪೆ ಬಂದರು ಹತ್ತಿರವಿರುವಾಗ ಬಲೆಗೇನೂ ಬರವಿಲ್ಲ ಎನ್ನುವುದೊಂದು ಸಮಾಧಾನ.

ಊಟದ ವಿಷಯದಲ್ಲಿ ಉಡುಪಿಗೇ ಸೇರಿದ ಒಂದು ತೊಡಕಿದೆ. ಇಲ್ಲಿ ಮೀನು, ಮಾಂಸ ಮಾಡಬಾರದೆಂಬ ಷರತ್ತಿನ ಮೇಲೆಯೇ ಕೊಡುವ ಬಾಡಿಗೆ ಮನೆಗಳಿವೆ. ಬೆಕ್ಕಾದರೋ ಮಾಂಸಾಹಾರವಿಲ್ಲದೆ ಬದುಕುವ ಪ್ರಾಣಿಯಲ್ಲ. ಅದಕ್ಕೆ ಬೇಕಾದ ಟೌರಿನ್ ಎಂಬ ಅಂಶ ಮೊಸರನ್ನದಲ್ಲಿ ಸಾಕಷ್ಟು ಸಿಗುವುದಿಲ್ಲ. ಓನರ್‌ಗೆ ಗೊತ್ತಾಗದಂತೆ ಬೂತಾಯಿ ಮೀನು ಬೇಯಿಸುವುದು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆಯೇ. ಜೂನ್, ಜುಲೈಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು ಮೀನಿನ ಬೆಲೆ ಏರುವಾಗ ಅದೂ ಕಷ್ಟ. ಆಗ ಅಂಗಡಿಯ ಒಣ ಆಹಾರವೇ ಗತಿ, ಆ ಖರ್ಚು ತಿಂಗಳ ಲೆಕ್ಕಕ್ಕೆ ಸೇರಬೇಕು. ರೇಬಿಸ್ ಚುಚ್ಚುಮದ್ದು, ಸಂತಾನಹರಣದ ಶಸ್ತ್ರಚಿಕಿತ್ಸೆ ಅದರ ಮೇಲೆ. ಶಸ್ತ್ರಚಿಕಿತ್ಸೆಯನ್ನು ಮುಂದೂಡುವಂತಿಲ್ಲ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಸುಮಾರು ಒಂಬತ್ತು ವಾರ. ಜೂನ್‌ನಲ್ಲಿ ಎತ್ತಿಕೊಂಡು ಬಂದ ಎರಡು ತಿಂಗಳ ಮರಿ ಕ್ರಿಸ್ಮಸ್ ಒಳಗೆ ತಾನೇ ಮರಿ ಹಾಕಿದರೆ ಆಶ್ಚರ್ಯವಿಲ್ಲ.

ಇಷ್ಟನ್ನೂ ನಿಭಾಯಿಸುವ ಹುಡುಗ ಹುಡುಗಿಯರಿದ್ದಾರೆ. ನಿಜವಾಗಿ ಎಡವುವುದು ಕಾಲದ ಲೆಕ್ಕದಲ್ಲಿ. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿನದು, ಕೋರ್ಸು ಎರಡರಿಂದ ನಾಲ್ಕು ವರ್ಷದ್ದು. ಮನೆಯೊಳಗೆ ಬೆಳೆದ ಬೆಕ್ಕು ಹದಿನೈದು ವರ್ಷ ಬದುಕೀತು. ರಜೆಯಲ್ಲಿ ಊರಿಗೆ ಒಯ್ಯೋಣವೆಂದರೆ ರೈಲಿನ ಸ್ಲೀಪರ್ ಬೋಗಿಗೆ ಬೆಕ್ಕನ್ನು ಹತ್ತಿಸಲು ಅವಕಾಶವಿಲ್ಲ. ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಕೆಲಸ ಬೆಂಗಳೂರಿನಲ್ಲೋ ದುಬೈಯಲ್ಲೋ ಸಿಕ್ಕಿದಾಗ, ಮೂವರಲ್ಲಿ ಬೆಕ್ಕು ಯಾರದು ಎಂಬ ಪ್ರಶ್ನೆಗೆ ಮೂವರೂ ಸುಮ್ಮನಾಗುತ್ತಾರೆ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ತಪ್ಪಿಗೆ ಆ ಕಾಯ್ದೆ ಬರೆದ ದಂಡ 10ರಿಂದ 50 ರೂಪಾಯಿ! ಅಂದರೆ ತಡೆಯಬೇಕಾದದ್ದು ಕಾನೂನಲ್ಲ, ನಮ್ಮ ಮನಸ್ಸೇ.

ಇದಕ್ಕೆ ಎದುರಾಗಿ ಒಂದು ಮಾತಿದೆ, ಅದನ್ನು ತಳ್ಳಿಹಾಕಲು ನನ್ನಿಂದಾಗದು. ಆ ಮರಿಯನ್ನು ಮೇಲೆ ತರದಿದ್ದರೆ ಅದು ಹದಿನೈದು ವರ್ಷವಲ್ಲ, ಹದಿನೈದು ದಿನವೂ ಉಳಿಯುತ್ತಿತ್ತೋ ಇಲ್ಲವೋ. ಎರಡು ವರ್ಷದ ಆಸರೆಯಾದರೂ ಆಸರೆಯೇ. ಅದಕ್ಕೇ ಸಾಕುವುದಕ್ಕೂ ಬಿಡುವುದಕ್ಕೂ ನಡುವಿನ ದಾರಿ ನನಗೆ ಹೆಚ್ಚು ಹಿಡಿಸುತ್ತದೆ: ಮರಿಯನ್ನು ಕೆಲವು ತಿಂಗಳು ನೋಡಿಕೊಂಡು, ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಮಾಡಿಸಿ, ಕಿದಿಯೂರಿನ ಕಡೆಯೋ ಕಾಪುವಿನ ಕಡೆಯೋ ಹಿತ್ತಿಲಿರುವ ಮನೆಗೆ ಒಪ್ಪಿಸುವುದು. ಕೊನೆಯ ವರ್ಷದಲ್ಲಿರುವವರು ಇದಕ್ಕಿಂತ ಮುಂದೆ ಹೋಗದಿರುವುದೇ ಸರಿ.

ಉಳಿದವರು ಸಾಕಬಹುದು, ಕದ್ದುಮುಚ್ಚಿ ಬೇಡ. ಓನರ್‌ನ ಒಪ್ಪಿಗೆ ಕರಾರಿನಲ್ಲೇ ಬರೆಸಿ. ಮೂವರಲ್ಲಿ ಬೆಕ್ಕು ಯಾರದೆಂದು ಇವತ್ತೇ ತೀರ್ಮಾನಿಸಿ. ಅದಕ್ಕೂ ಮೊದಲು ಊರಿಗೆ ಫೋನ್ ಮಾಡಿ, ಮುಂದೊಂದು ದಿನ ಬೆಕ್ಕನ್ನು ಕರೆತಂದರೆ ಇಟ್ಟುಕೊಳ್ಳುವಿರಾ ಎಂದು ಅಮ್ಮನನ್ನು ಕೇಳಿ.